ಫುಟ್‌ಪಾತಿನ ಸೋಫಾ ಬಗ್ಗೆ ಕುಶನ್ ಮೇಷ್ಟ್ರ ಎರಡನೇ ಹೇಳಿಕೆ

ಹೇಳಿಕೆ ಕೊಡುವವನು ಕುಶನ್ ಮೇಷ್ಟ್ರು ಎಂದು ರಸ್ತೆಯವರೆಲ್ಲ ಕರೆಯುವ ನಾನು. ವಯಸ್ಸು ಐವತ್ತೆಂಟು. ಉದ್ಯೋಗ ಸೋಫಾ, ಕುರ್ಚಿ ರಿಪೇರಿ. ವಾಸ ಆಸ್ಪತ್ರೆಯಿಂದ ಮಾರ್ಕೆಟ್ಟಿಗೆ ಇಳಿಯುವ ರಸ್ತೆಯ ತಿರುವಿನಲ್ಲಿ, ನನ್ನ ಅಂಗಡಿಯ ಮೇಲಿನ ಮನೆಯಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಇರುತ್ತೇವೆ.

ಈ ದಿನ ಠಾಣೆಗೆ ಬಂದು ಬರೆಸುವ ಸಂಗತಿ ಹೀಗಿದೆ. ಈ ತಿಂಗಳ ಹನ್ನೊಂದನೇ ತಾರೀಖು ಮಂಗಳವಾರ ನನ್ನ ಅಂಗಡಿಯ ಮುಂದೆ ಬ್ರೆಡ್ ವ್ಯಾನೊಂದು ಸೈಕಲ್ಲಿಗೆ ಗುದ್ದಿದ ಬಗ್ಗೆ ಅದೇ ದಿನ ಸ್ಥಳದಲ್ಲಿ ನಾನು ಒಂದು ಹೇಳಿಕೆ ಕೊಟ್ಟಿದ್ದೆ. ಅದರಲ್ಲಿ ನಿಜವಲ್ಲದ ಮಾತುಗಳಿವೆ. ಹೇಳದೆ ಬಿಟ್ಟ ಮಾತುಗಳು ಅದಕ್ಕಿಂತ ಹೆಚ್ಚಿವೆ. ಅವನ್ನು ಸರಿಪಡಿಸಲು ಬಂದಿದ್ದೇನೆ. ಪೂರ್ತಿ ನನ್ನ ಇಚ್ಛೆಯಿಂದಲೇ ಬಂದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತಿದ್ದಾಳೆ.

ನಮ್ಮ ರಸ್ತೆ ಇಳಿಜಾರು. ಅಂಗಡಿಯಿಂದ ಸುಮಾರು ಇಪ್ಪತ್ತು ಅಡಿ ಮೇಲೆ ಒಂದು ಹಳೇ ಗೋಡೌನಿನ ಗೋಡೆ ರಸ್ತೆಗೆ ಚಾಚಿಕೊಂಡಿದೆ. ಆ ಗೋಡೆಯ ದೆಸೆಯಿಂದ ತಿರುವಿನ ಆಚೆ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ. ಲಾರಿ, ವ್ಯಾನು, ಕಾರು ಎಲ್ಲವೂ ಗೋಡೆಗೆ ಅಂಟಿಕೊಂಡೇ ತಿರುಗಬೇಕು. ಸೈಕಲ್ಲಿನವರಿಗೆ ಅಲ್ಲಿ ಜಾಗ ಇಲ್ಲ. ಅದಕ್ಕೆ ಅವರು ತಿರುವಿನ ಮುಂಚೆ ಫುಟ್‌ಪಾತಿಗೆ ಹತ್ತಿ, ನಮ್ಮ ಅಂಗಡಿ, ಮನೆ ಮೆಟ್ಟಿಲು, ಔಷಧಿ ಅಂಗಡಿ ದಾಟಿ, ರಸ್ತೆ ಅಗಲವಾಗುವ ಕಡೆ ಇಳಿದುಕೊಳ್ಳುತ್ತಿದ್ದರು. ಫುಟ್‌ಪಾತಿನಲ್ಲಿ ನಡೆಯುವವರು ಸೈಕಲ್ಲಿನವರನ್ನು ಬೈಯುತ್ತಿದ್ದರು. ಸೈಕಲ್ಲಿನವರು ಕಾರಿನವರನ್ನು ಬೈಯುತ್ತಿದ್ದರು. ಕಾರಿನವರು ಹಾರ್ನ್ ಒತ್ತಿ ಎಲ್ಲರನ್ನೂ ಒಟ್ಟಿಗೇ ಬೈಯುತ್ತಿದ್ದರು. ಸೋಫಾ ಸಾಗಿಸಲು ನನ್ನದೂ ಒಂದು ಚಿಕ್ಕ ಗೂಡ್ಸ್ ಗಾಡಿ ಇದೆ. ಅದರಲ್ಲಿ ಕೂತಾಗ ನಾನೂ ಆ ತಿರುವಿನಲ್ಲಿ ಹಾರ್ನ್ ಮೇಲಿಂದ ಕೈ ತೆಗೆದವನಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ನನ್ನ ಹೆಂಡತಿ ಒಗೆದ ಕುಶನ್ ಕವರುಗಳ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಫುಟ್‌ಪಾತಿಗೆ ಕಾಲಿಟ್ಟಳು. ಬೆನ್ನಿಗೆ ಪಾರ್ಸೆಲ್ ಪೆಟ್ಟಿಗೆ ಕಟ್ಟಿಕೊಂಡ ಒಬ್ಬ ಯುವಕ ಸೈಕಲ್ಲಿನಲ್ಲಿ ಇಳಿಜಾರಿನಿಂದ ಬಂದು ಅವಳಿಗೆ ಗುದ್ದಿದ. ಅವಳು ಬಲಗೈ ಊರಿಕೊಂಡು ಬಿದ್ದಳು. ಮೊಣಕೈ ಮತ್ತು ಮಣಿಕಟ್ಟು ಎರಡೂ ಕಡೆ ಮೂಳೆ ಮುರಿಯಿತು. ಆ ಯುವಕ ನಿಂತು, ಲಾರಿಯವನು ಒತ್ತಿದ್ದರಿಂದ ಮೇಲೆ ಹತ್ತಿದೆ, ಬ್ರೇಕು ಹಿಡಿಯಲಿಲ್ಲ ಎಂದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಹೊರಟುಹೋದ. ನಾನು ಸುತ್ತಿಗೆ ಕೈಯಲ್ಲಿ ಹಿಡಿದೇ ಔಷಧಿ ಅಂಗಡಿಯವರೆಗೆ ಅವನ ಹಿಂದೆ ಓಡಿದೆ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಎಂದು ಗೊತ್ತಿಲ್ಲ. ಸಿಗದಿದ್ದುದು ಒಳ್ಳೆಯದಾಯಿತು.

ಆಗಲೂ ಇದೇ ಠಾಣೆಗೆ ಬಂದಿದ್ದೆ. ಸೈಕಲ್ಲಿಗೆ ನಂಬರ್ ಪ್ಲೇಟ್ ಇರುವುದಿಲ್ಲ, ಯಾರನ್ನು ಹುಡುಕುವುದು ಎಂದು ಕೇಳಿದರು. ನಗರಸಭೆಗೆ ಹೋದೆ. ಫುಟ್‌ಪಾತಿಗೆ ಕಂಬ ನೆಡುತ್ತೇವೆ ಎಂದರು. ಎರಡು ಸಲ ಬಂದು ನೋಡಿಕೊಂಡು ಹೋದರು. ಕಂಬ ಬರಲಿಲ್ಲ.

ಹೆಂಡತಿಯ ಕಟ್ಟು ಬಿಚ್ಚಿದ ಮೇಲೆ ಕೈ ಮಡಚಲು ಆಗುತ್ತಿರಲಿಲ್ಲ. ಆಸ್ಪತ್ರೆಯವರು ಮನೆಗೇ ಬಂದು ವ್ಯಾಯಾಮ ಮಾಡಿಸುವ ಒಬ್ಬ ಫಿಸಿಯೋಥೆರಪಿಯವರನ್ನು ಗೊತ್ತು ಮಾಡಿಕೊಟ್ಟರು. ಆಕೆಗೆ ಮೂವತ್ತರ ಆಸುಪಾಸು. ನನ್ನ ಹೆಂಡತಿ ಆಕೆಗೆ ಕೈ ಡಾಕ್ಟ್ರು ಎಂದು ಹೆಸರಿಟ್ಟಳು. ಆಕೆ ನನ್ನ ಹೆಂಡತಿಯನ್ನು ಅಮ್ಮ ಎಂದೂ ನನ್ನನ್ನು ಮೇಷ್ಟ್ರೇ ಎಂದೂ ಕರೆಯುತ್ತಿದ್ದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬರುತ್ತಿದ್ದರು. ದಿನಕ್ಕೆ ಐದಾರು ಮನೆ ಸುತ್ತಬೇಕಾದ್ದರಿಂದ ಸೈಕಲ್ಲಿನಲ್ಲೇ ಓಡಾಟ. ಹಿಂದಿನ ಕ್ಯಾರಿಯರಿನಲ್ಲಿ ರಬ್ಬರ್ ಪಟ್ಟಿ, ಚೆಂಡು, ಮರಳಿನ ಚೀಲ ತುಂಬಿದ ಬ್ಯಾಗು.

ಆಕೆಯೂ ಫುಟ್‌ಪಾತಿನ ಮೇಲೇ ಬರುತ್ತಿದ್ದರು. ಆದರೆ ನಿಧಾನ. ಜನ ಇದ್ದರೆ ಇಳಿದು ತಳ್ಳುತ್ತಿದ್ದರು. ಮೊದಮೊದಲು ಸೈಕಲ್ ಕಂಡರೇ ನನಗೆ ಮೈ ಉರಿಯುತ್ತಿತ್ತು, ಆಕೆಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಕೆಳಗೆ ಕೆಲಸ ಮಾಡುತ್ತಿದ್ದಾಗ ಮೇಲಿನಿಂದ ಹೆಂಡತಿ ನಗುವುದು ಕೇಳಿಸಿತು. ಬೆರಳನ್ನು ಗೋಡೆಯ ಮೇಲೆ ಇರುವೆ ಹಾಗೆ ಹತ್ತಿಸಿ ಎಂದು ಆಕೆ ಹೇಳಿದ್ದಕ್ಕೆ, ನನ್ನ ಇರುವೆಗೆ ಮಂಡಿನೋವು ಎಂದಳಂತೆ. ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅಂದಿನಿಂದ ಕೈ ಡಾಕ್ಟ್ರಿಗೆ ನಾನೇ ಟೀ ಮಾಡಿಕೊಡುತ್ತಿದ್ದೆ.

ಆದರೆ ಉಳಿದ ಸೈಕಲ್ಲಿನವರ ಮೇಲಿನ ಸಿಟ್ಟು ಹೋಗಲಿಲ್ಲ. ನನ್ನ ಅಂಗಡಿಯಲ್ಲಿ ಮೂರು ಜನ ಕೂರುವ, ಗಟ್ಟಿ ಮರದ ಚೌಕಟ್ಟಿನ ಒಂದು ಸೋಫಾ ಬಹಳ ಕಾಲದಿಂದ ಬಿದ್ದಿತ್ತು. ಅದರ ಮಾಲೀಕರು ಬೇರೆ ಊರಿಗೆ ಹೋದವರು ತಿರುಗಿ ಕೇಳಲಿಲ್ಲ. ಕಳೆದ ತಿಂಗಳ ಒಂದು ಭಾನುವಾರ, ಪಕ್ಕದ ಅಂಗಡಿಯ ಬೀಗ ರಿಪೇರಿಯವನನ್ನು ಕರೆದು, ಇಬ್ಬರೂ ಅದನ್ನು ಎತ್ತಿ ತಂದು, ನನ್ನ ಅಂಗಡಿಗೂ ಮನೆ ಮೆಟ್ಟಿಲಿಗೂ ನಡುವೆ ಫುಟ್‌ಪಾತಿಗೆ ಅಡ್ಡ ಇಟ್ಟೆವು. ಬೀಗದವನು ನಾನು ಹೇಳಿದ್ದಕ್ಕೆ ಕೈ ಕೊಟ್ಟ. ಯೋಚನೆ ನನ್ನದು.

ಗೋಡೆಯ ಕಡೆ ಒಬ್ಬರು ನಡೆದು ಹೋಗುವಷ್ಟು ಸಂದು ಬಿಟ್ಟೆ. ನನ್ನದು ಅಳತೆಯ ಕೆಲಸ. ಸಂದು ಇಪ್ಪತ್ತು ಇಂಚು. ಸೈಕಲ್ಲಿನ ಹ್ಯಾಂಡಲ್ ಇಪ್ಪತ್ತಮೂರು ಇಂಚು ಇರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಾಗಿದ್ದು ಹೇಗೆಂದರೆ, ಅದಕ್ಕೆ ಎರಡು ದಿನ ಮುಂಚೆ ಕೈ ಡಾಕ್ಟ್ರು ಮೇಲೆ ನನ್ನ ಹೆಂಡತಿಯ ಬೆರಳು ಮಡಚಿಸುತ್ತಿದ್ದಾಗ, ಮೆಟ್ಟಿಲ ಬಳಿ ಒರಗಿಸಿದ್ದ ಆಕೆಯ ಸೈಕಲ್ಲಿಗೆ ಟೇಪು ಹಿಡಿದು ಅಳೆದಿದ್ದೆ. ಈ ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿಲ್ಲ.

ಸೋಫಾ ಇಟ್ಟಿದ್ದು ನಡೆಯುವವರಿಗೆಲ್ಲ ಹಿಡಿಸಿತು. ಅದಕ್ಕೆ ಮೇಷ್ಟ್ರ ಸಿಂಹಾಸನ ಎಂದು ಹೆಸರಾಯಿತು. ಬೀಗದವನು ಗಿರಾಕಿ ಇಲ್ಲದಾಗ ಅಲ್ಲಿ ಕೂರುತ್ತಿದ್ದ. ಎದುರು ಮನೆಯ ಕಂಡಕ್ಟರ್ ತಾತ, ಅಂದರೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು, ಬೆಳಿಗ್ಗೆ ಪೂರ್ತಿ ಅಲ್ಲೇ ಇರುತ್ತಿದ್ದರು. ಯಾವ ಸೈಕಲ್ಲಿನವರಾದರೂ ಬಂದು ತಬ್ಬಿಬ್ಬಾಗಿ ನಿಂತರೆ ತಾತ ತೊಡೆ ತಟ್ಟಿ ರೈಟ್ ರೈಟ್ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಹಳದಿ ಹೆಲ್ಮೆಟ್ ಹಾಕಿದ ಒಬ್ಬ ಸೋಫಾಕ್ಕೆ ಒದ್ದು ಹೋದ. ಕಾಲು ನೋವಾಗಿದ್ದು ಅವನಿಗೇ ಎಂದು ಅದಕ್ಕೂ ನಕ್ಕೆವು. ಮಗುವಿನ ತಳ್ಳುಗಾಡಿ ತಂದ ಒಬ್ಬ ಹೆಣ್ಣುಮಗಳೂ ದಾಟಲಾರದೆ ನಿಂತಳು. ನಾನೇ ಎದ್ದು ಹೋಗಿ ಗಾಡಿಯನ್ನು ಎತ್ತಿ ಆಚೆ ಇಟ್ಟೆ. ಆಕೆ ಥ್ಯಾಂಕ್ಸ್ ಹೇಳಿದಳು. ದೊಡ್ಡ ಉಪಕಾರ ಮಾಡಿದವನ ಹಾಗೆ ಒಳಗೆ ಬಂದು ಕೂತೆ.

ಕೈ ಡಾಕ್ಟ್ರು ಮೂರು ಸಲ ಕೇಳಿದರು. ಮೊದಲ ಸಲ ನಗುತ್ತಾ, ನಿಮ್ಮ ಸಿಂಹಾಸನ ಸ್ವಲ್ಪ ಸರಿಸಿದರೆ ಪ್ರಜೆಗಳು ಬದುಕಿಕೊಳ್ಳುತ್ತಾರೆ ಎಂದರು. ಎರಡನೇ ಸಲ, ಸೈಕಲ್ಲನ್ನು ಸೋಫಾದ ಈಚೆ, ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿ ನಡೆದು ಬರಲೇ ಎಂದು ಕೇಳಿದರು. ಅಂಗಡಿ ಬಾಗಿಲಿಗೆ ಅಡ್ಡ ಬರುತ್ತದೆ, ಮಾಲು ತೆಗೆದು ಹಾಕಲು ತೊಂದರೆ ಎಂದೆ. ಹಾಗೆ ಹೇಳಿದ್ದು ನಾನೇ.

ಮೂರನೇ ಸಲ ಕೇಳಿದ್ದು ಏಳನೇ ತಾರೀಖು ಶುಕ್ರವಾರ. ಅಂದು ಆಕೆ ಬ್ಯಾಗು ಇಳಿಸಿ, ಸೈಕಲ್ಲನ್ನು ಎತ್ತಿ ಸೋಫಾದ ಮೇಲಿಂದ ದಾಟಿಸಿ, ತಿರುಗಿ ಬಂದು ಬ್ಯಾಗು ತೆಗೆದುಕೊಂಡರು. ಮುಖ ಬೆವರಿತ್ತು. ಮೇಲೆ ಹತ್ತದೆ ಸೀದಾ ನನ್ನ ಅಂಗಡಿಗೆ ಬಂದು, ಇದನ್ನು ತೆಗೆಯಿರಿ, ತಿರುವಿನಲ್ಲಿ ರಸ್ತೆಗಿಳಿಯಲು ತನಗೆ ಭಯವಾಗುತ್ತದೆ ಎಂದರು. ನಾನು, ಸೈಕಲ್ ಇರುವುದು ರಸ್ತೆಗೆ, ಫುಟ್‌ಪಾತ್ ಇರುವುದು ಕಾಲಿಗೆ ಎಂದೆ. ಆಗ ಆಕೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಮೇಷ್ಟ್ರೇ, ನೀವು ಗಾಡಿಯಲ್ಲಿ ಕೂತಾಗ ಹಾರ್ನ್ ಹೊಡೆದು ನನ್ನನ್ನ ಮೇಲೆ ಹತ್ತಿಸ್ತೀರ. ಇಲ್ಲಿ ಕೂತಾಗ ಕೆಳಗಿಳಿ ಅಂತೀರ. ಎರಡೂ ನೀವೇ. ನಾನು ಎಲ್ಲಿ ಹೋಗ್ಲಿ ಹೇಳಿ."

ನಾನು ಯಾವತ್ತು ಆಕೆಗೆ ಹಾರ್ನ್ ಹೊಡೆದಿದ್ದೆ ಎಂದು ನನಗೆ ನೆನಪಿಲ್ಲ. ಹೊಡೆದಿರುತ್ತೇನೆ. ಸೈಕಲ್ ಮೇಲೆ ಇರುವವರ ಮುಖ ನಾನು ನೋಡುತ್ತಿರಲಿಲ್ಲ. ನನ್ನ ಹೆಂಡತಿಯ ಕೈ ಮುರಿದ ದಿನ ಯಾರೂ ಇಳಿದು ತಳ್ಳಿಕೊಂಡು ಬರಲಿಲ್ಲ ಎಂದೆ. ಅದು ಆಕೆಗೆ ಹೇಳುವ ಮಾತಲ್ಲ. ಆ ಕೈಯನ್ನು ಸರಿ ಮಾಡುತ್ತಿದ್ದವರೇ ಆಕೆ. ಆಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೇಲೆ ಹೋದರು. ಅಂದು ಟೀ ಬೇಡ ಎಂದರು.

ಅದೇ ಸಂಜೆ ಹೆಂಡತಿ, ಸೋಫಾ ತೆಗೆದುಬಿಡಿ ಎಂದಳು. ನಿನಗೋಸ್ಕರ ಇಟ್ಟಿದ್ದು, ನಿನಗೇ ಬೇಡವಾಯಿತಾ ಎಂದು ಕೇಳಿದೆ. "ನನ್ನ ಹೆಸರು ಹೇಳ್ಬೇಡಿ. ನಾನು ಕೇಳಿರಲಿಲ್ಲ," ಎಂದಳು. ನೋಡೋಣ ಎಂದೆ. ನೋಡಲಿಲ್ಲ. ಅಷ್ಟೊತ್ತಿಗೆ ಅದು ಹೆಂಡತಿಯ ವಿಷಯವಾಗಿ ಉಳಿದಿರಲಿಲ್ಲ. ರಸ್ತೆಯ ಜನ ಎದುರಿಗೆ ಸಿಕ್ಕಾಗಲೆಲ್ಲ ಮೇಷ್ಟ್ರು ಮಾಡಿದ್ದೇ ಸರಿ ಎನ್ನುತ್ತಿದ್ದರು. ನಗರಸಭೆಯಿಂದ ಆಗದ್ದು ನನ್ನಿಂದ ಆಯಿತು ಎಂಬ ಜಂಬ ನನಗೆ ಬಂದಿತ್ತು.

ಹನ್ನೊಂದನೇ ತಾರೀಖು ಬೆಳಿಗ್ಗೆ ನಾನು ಅಂಗಡಿಯ ಬಾಗಿಲಲ್ಲಿ ಕೂತು ಒಂದು ಕುರ್ಚಿಗೆ ಪಟ್ಟಿ ಎಳೆದು ಮೊಳೆ ಹೊಡೆಯುತ್ತಿದ್ದೆ. ಸೋಫಾದ ಮೇಲೆ ಕಂಡಕ್ಟರ್ ತಾತ ಮತ್ತು ಬೀಗದವನು ಕೂತಿದ್ದರು. ಹತ್ತು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಕೈ ಡಾಕ್ಟ್ರು ತಿರುವಿನಿಂದ ಫುಟ್‌ಪಾತಿನ ಮೇಲೆ ಬಂದರು. ಸೋಫಾದ ಮುಂದೆ ಇಳಿದು ನಿಂತು ಬೆಲ್ ಹೊಡೆದರು. ಹಿಂದಿನ ಸಲದ ಹಾಗೆ ಎತ್ತಿ ದಾಟಿಸೋಣವೆಂದರೆ ಇಬ್ಬರು ಕೂತಿದ್ದರು. ಅವರು ಏಳಲಿಲ್ಲ. ಬೀಗದವನು ಎರಡೂ ಕಾಲು ಮೇಲೆತ್ತಿ, ಗೇಟು ತೆಗೆದಿದೆ ಹೋಗಮ್ಮ ಎಂದ. ತಾತ ರೈಟ್ ರೈಟ್ ಎಂದರು. ತಮಾಷೆಗೆ ಹೇಳಿದ್ದು. ಇನ್ನೊಂದು ನಿಮಿಷ ಕಾದಿದ್ದರೆ ಎದ್ದು ಜಾಗ ಬಿಡುತ್ತಿದ್ದೆವು ಎಂದು ಬೀಗದವನು ಈಗ ಹೇಳುತ್ತಾನೆ. ಬಿಡುತ್ತಿದ್ದರೇನೋ.

ಕೈ ಡಾಕ್ಟ್ರು ಮತ್ತೊಂದು ಸಲ ಬೆಲ್ ಹೊಡೆದು ನನ್ನ ಕಡೆ ತಿರುಗಿ ನೋಡಿದರು. ನಾನು ಕೂತ ಜಾಗಕ್ಕೂ ಆಕೆ ನಿಂತ ಜಾಗಕ್ಕೂ ಹತ್ತು ಅಡಿ ಇಲ್ಲ. ನಾನು ಆಕೆಯ ಮುಖ ನೋಡಿದೆ. ಎದ್ದು ಹೋಗಬಹುದಿತ್ತು. ಬಾಯಲ್ಲಿ ಮೊಳೆ ಇಟ್ಟುಕೊಂಡಿದ್ದೆ. ತಲೆ ತಗ್ಗಿಸಿ ಒಂದು ಮೊಳೆ ತೆಗೆದು ಪಟ್ಟಿಗೆ ಹೊಡೆದೆ.

ಎರಡನೇ ಮೊಳೆ ಹೊಡೆಯುವ ಮುಂಚೆ ಹಾರ್ನ್ ಕೇಳಿಸಿತು. ಜೊತೆಗೇ ಟೈರು ಉಜ್ಜಿದ ಸದ್ದು, ಆಮೇಲೆ ತಗಡಿನ ಟ್ರೇಗಳು ಉರುಳಿದ ಸದ್ದು. ತಲೆ ಎತ್ತಿದಾಗ ಬ್ರೆಡ್ ವ್ಯಾನು ರಸ್ತೆಯಲ್ಲಿ ಅಡ್ಡ ನಿಂತಿತ್ತು. ಆಕೆ ಸೈಕಲ್ಲನ್ನು ಫುಟ್‌ಪಾತಿನಿಂದ ಇಳಿಸಿ ಹತ್ತುವಷ್ಟರಲ್ಲಿ ವ್ಯಾನು ತಿರುವು ದಾಟಿ ಬಂದಿತ್ತು. ವ್ಯಾನಿನ ಮುಂದಿನ ಮೂಲೆ ಹಿಂದಿನ ಚಕ್ರಕ್ಕೆ ಬಡಿದಿತ್ತು. ಆಕೆ ಅಂಚುಗಲ್ಲಿಗೆ ಒರಗಿ ಬಿದ್ದಿದ್ದರು. ಒಂದು ಕಾಲು ಸೈಕಲ್ಲಿನ ಅಡಿಯಲ್ಲಿತ್ತು. ಕಾಲು ತಿರುಗಿದ್ದ ರೀತಿಯನ್ನು ನಾನು ಇಲ್ಲಿ ಬರೆಸುವುದಿಲ್ಲ.

ಸದರಿ ವ್ಯಾನಿನ ಚಾಲಕ ತಕ್ಷಣ ಇಳಿದು ಬಂದ. ತನ್ನ ಜಾಕೆಟ್ಟು ತೆಗೆದು ಆಕೆಯ ತಲೆಯಡಿ ಇಟ್ಟ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಅವನೇ. ವಿಳಾಸ ಹೇಳಲು ಬಾಯಿ ಬಾರದೆ ಫೋನನ್ನು ಔಷಧಿ ಅಂಗಡಿಯವರ ಕೈಗೆ ಕೊಟ್ಟ. ನಾನು ಆಕೆಯ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದುಕೊಂಡೆ. ಆಕೆ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದು, "ಇವತ್ತು ಬರಕ್ಕಾಗಲ್ಲ ಅಂತ ಅಮ್ಮನಿಗೆ ಹೇಳಿ," ಎಂದರು. ಆಮೇಲೆ ಪ್ರಜ್ಞೆ ತಪ್ಪಿತು.

ಆಂಬುಲೆನ್ಸು ಹೋದ ಮೇಲೆ ಜನ ಚಾಲಕನನ್ನು ಸುತ್ತಿಕೊಂಡರು. ಯಾರೋ ಅವನ ಕಾಲರ್ ಹಿಡಿದರು. ಕೆನ್ನೆಗೂ ಏಟು ಬಿತ್ತು. ಎಲ್ಲರೂ ಆ ಕಡೆ ನೋಡುತ್ತಿದ್ದಾಗ ನಾನು ಬೀಗದವನಿಗೆ, ಆ ಕಡೆ ಹಿಡಿ ಎಂದೆ. ಇಬ್ಬರೂ ಸೋಫಾ ಎತ್ತಿ ನನ್ನ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿ, ಮೇಲೆ ಒಂದು ಹಾಸು ಹೊದಿಸಿದೆವು. ಸೋಫಾದ ಕಾಲುಗಳು ಫುಟ್‌ಪಾತಿನ ಮೇಲೆ ನಾಲ್ಕು ಕಪ್ಪು ಗುರುತು ಮಾಡಿದ್ದವು. ನಾನು ಬಕೆಟ್ಟಿನಲ್ಲಿ ನೀರು ತಂದು ಪೊರಕೆಯಿಂದ ತಿಕ್ಕಿ ತೊಳೆದೆ. ಅಂಚುಗಲ್ಲಿನ ಮೇಲೆ ರಕ್ತ ಇತ್ತು, ಅದನ್ನೂ ತೊಳೆದೆ. ನೋಡಿದವರು ರಕ್ತ ತೊಳೆಯುತ್ತಿದ್ದಾರೆ ಪಾಪ ಎಂದುಕೊಂಡಿರಬೇಕು.

ಜೀಪು ಬಂದಾಗ ಇನ್‌ಸ್ಪೆಕ್ಟರು ಮೊದಲು ನನ್ನನ್ನೇ ಕೇಳಿದರು. ವ್ಯಾನು ಜೋರಾಗಿ ಬಂತು, ಹಾರ್ನ್ ಮಾಡಲಿಲ್ಲ, ಸೈಕಲ್ಲಿನವರು ಇದ್ದಕ್ಕಿದ್ದ ಹಾಗೆ ರಸ್ತೆಗಿಳಿದರು ಎಂದೆ. ಒಂದೇ ಉಸಿರಿಗೆ ತಪ್ಪನ್ನು ಅವರಿಬ್ಬರಿಗೂ ಹಂಚಿ ನಾನು ಕೈ ತೊಳೆದುಕೊಂಡೆ. ಏಕೆ ಇಳಿದರು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ನಿಜವೆಂದರೆ ವ್ಯಾನು ಜೋರಾಗಿ ಬರಲಿಲ್ಲ. ಆ ವ್ಯಾನು ದಿನವೂ ಅದೇ ಹೊತ್ತಿಗೆ ಬರುತ್ತದೆ, ಒಳಗಿನ ಟ್ರೇಗಳು ಬೀಳುತ್ತವೆ ಎಂದು ಆ ತಿರುವಿನಲ್ಲಿ ಅವನು ಬೇರೆ ಗಾಡಿಗಳಿಗಿಂತ ನಿಧಾನವಾಗಿಯೇ ಬರುತ್ತಾನೆ. ಅಂದೂ ಹಾಗೇ ಬಂದ. ಹಾರ್ನ್ ಮಾಡಿದ. ಬ್ರೇಕ್ ಹಾಕಿದ. ಇವಿಷ್ಟೂ ನನ್ನ ಕಿವಿಯಾರೆ ಕೇಳಿದ್ದು.

ಚಾಲಕ ಇನ್‌ಸ್ಪೆಕ್ಟರಿಗೆ, ಫುಟ್‌ಪಾತಿನಲ್ಲಿ ಏನೋ ಅಡ್ಡ ಇತ್ತು, ಜನ ಕೂತಿದ್ದರು, ಅದಕ್ಕೇ ಆಕೆ ಇಳಿದಿದ್ದು ಎಂದ. ಇನ್‌ಸ್ಪೆಕ್ಟರು ತಿರುಗಿ ನೋಡಿದರು. ಫುಟ್‌ಪಾತು ಖಾಲಿ ಇತ್ತು, ಒದ್ದೆ ಇತ್ತು. ಚಾಲಕ ನನ್ನ ಕಡೆ ನೋಡಿದ. ಅವನಿಗೆ ಬೆನ್ನುನೋವು ಎಂದು ವ್ಯಾನಿನ ಸೀಟಿಗೆ ಕುಶನ್ ಹೊಲಿದುಕೊಟ್ಟವನು ನಾನೇ. ಪರಿಚಯದವನು.

"ಮೇಷ್ಟ್ರೇ, ನೀವೇ ಹೇಳಿ. ದಿನಾ ನೋಡ್ತೀನಲ್ಲ ನಾನು," ಎಂದ.

"ನಾನು ಕೆಲಸದಲ್ಲಿದ್ದೆ. ನೋಡಲಿಲ್ಲ," ಎಂದೆ.

ಅವನನ್ನು ಜೀಪಿಗೆ ಹತ್ತಿಸಿದರು. ನಾನು ಹೇಳಿಕೆಗೆ ಸಹಿ ಹಾಕಿದೆ.

ಮನೆಗೆ ಹತ್ತಿ ಹೋದಾಗ ಹೆಂಡತಿ ಕಿಟಕಿಯ ಪಕ್ಕ ನಿಂತು ಎಡಗೈಯಿಂದ ಬಲಗೈ ಹಿಡಿದುಕೊಂಡಿದ್ದಳು. ಕೈ ಡಾಕ್ಟ್ರಿಗೆ ಪೆಟ್ಟಾಯಿತು ಎಂದೆ. ನೋಡಿದೆ ಎಂದಳು. ಎಲ್ಲಿಂದ ಎಲ್ಲಿಯವರೆಗೆ ನೋಡಿದೆ ಎಂದು ನಾನು ಕೇಳಲಿಲ್ಲ. ಇವತ್ತು ಬರಲಾಗುವುದಿಲ್ಲ ಎಂದು ಆಕೆ ಹೇಳಿಕಳಿಸಿದ ಮಾತನ್ನು ತಿಳಿಸಿದೆ. ಹೆಂಡತಿ ಗೋಡೆಗೆ ತಿರುಗಿ, ತಾನೊಬ್ಬಳೇ ಬೆರಳು ಹತ್ತಿಸುವ ವ್ಯಾಯಾಮ ಶುರು ಮಾಡಿದಳು. ನಾಲ್ಕು ದಿನ ನಮ್ಮ ನಡುವೆ ಊಟ, ನೀರು, ಲೈಟು ಇವನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ನಿನ್ನೆ ಭಾನುವಾರ ಮಧ್ಯಾಹ್ನ ಇಬ್ಬರೂ ಆಸ್ಪತ್ರೆಗೆ ಹೋದೆವು. ಹೋಗೋಣ ಎಂದವಳು ಅವಳೇ. ಕೈ ಡಾಕ್ಟ್ರಿಗೆ ತೊಡೆಯ ಮೂಳೆ, ಸೊಂಟದ ಮೂಳೆ ಮುರಿದಿವೆ. ಒಂದು ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು. ನಡೆಯಲು ತಿಂಗಳುಗಟ್ಟಲೆ ಬೇಕು, ಮೊದಲಿನಂತೆ ನಡೆಯುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದು ಆಕೆಯ ಅಣ್ಣ ತಿಳಿಸಿದರು. ಆಕೆ ನನ್ನನ್ನು ಕಂಡೊಡನೆ ಕೈ ಚಾಚಿದರು. ತಾನು ಬಿದ್ದಾಗ ಕೈ ಹಿಡಿದು ಕೂತಿದ್ದ ಮೇಷ್ಟ್ರು ಇವರೇ ಎಂದು ಅಣ್ಣನಿಗೆ ಹೇಳಿದರು. ಅವರು ಎದ್ದು ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ಆ ವ್ಯಾನಿನವನು ಇನ್ನು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಬಾರದು, ಹಾಗೆ ಮಾಡುತ್ತೇನೆ ಎಂದರು. ನಿಮ್ಮ ಸಾಕ್ಷಿ ಗಟ್ಟಿಯಾಗಿದೆಯಂತೆ ಎಂದು ನನಗೆ ಹೇಳಿದರು.

ಬೀಳುವ ಮುಂಚಿನದರಲ್ಲಿ ಆಕೆಗೆ ಬೆಲ್ ಹೊಡೆದದ್ದೊಂದೇ ನೆನಪು, ಯಾತಕ್ಕೆ ಹೊಡೆದದ್ದು ಎಂಬುದೂ ಸೇರಿ ಉಳಿದದ್ದೆಲ್ಲ ಮಸುಕು. ರಸ್ತೆಗೆ ಏಕೆ ಇಳಿದೆನೋ, ತಾನೇ ಅವಸರ ಮಾಡಿರಬೇಕು ಎಂದರು. ಹೆಂಡತಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. ನೋವು ಜಾಸ್ತಿ ಇದೆಯಾ ಎಂದು ಕೇಳಿದೆ.

ಹೊರಗೆ ಬಂದ ಮೇಲೆ ಹೆಂಡತಿ ಕಾರಿಡಾರಿನ ಬೆಂಚಿನಲ್ಲಿ ಕೂತುಬಿಟ್ಟಳು. "ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ನಾಳೆ ಹೇಳೋಣ, ಇವತ್ತು ಅವರು ಸುಸ್ತಾಗಿದ್ದಾರೆ ಎಂದೆ. ಅವಳು ಬೆಂಚಿನಿಂದ ಏಳಲಿಲ್ಲ. ಜನ ಓಡಾಡುತ್ತಿದ್ದರು. ನಾನು ಒಳಗೆ ಒಬ್ಬನೇ ಹೋದೆ.

ಹಾಸಿಗೆಯ ಪಕ್ಕ ನಿಂತು, ನಾನು ಇಟ್ಟ ಸೋಫಾ ಇತ್ತು, ಅದಕ್ಕೇ ನೀವು ಇಳಿದಿರಿ, ಆಮೇಲೆ ನಾನು ಅದನ್ನು ಬಚ್ಚಿಟ್ಟೆ, ಪೊಲೀಸರಿಗೆ ಸುಳ್ಳು ಹೇಳಿದೆ ಎಂದು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಒಂದೇ ಒಂದು ಪ್ರಶ್ನೆ ಕೇಳಿದರು.

"ನಾನು ಬೆಲ್ ಹೊಡೆದಿದ್ದು ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು. ನಿಮ್ಮನ್ನ ನೋಡಿದೆ ಕೂಡ," ಎಂದೆ.

ಆಕೆ ಮುಖವನ್ನು ಆಚೆ ತಿರುಗಿಸಿಕೊಂಡರು. ಸೊಂಟ ಅಲುಗದಂತೆ ಕಟ್ಟಿದ್ದರಿಂದ ಅಷ್ಟನ್ನೇ ತಿರುಗಿಸಲು ಆಗುತ್ತಿತ್ತು. ಅಣ್ಣ ನನ್ನ ತೋಳು ಹಿಡಿದು ಬಾಗಿಲಿನಿಂದ ಆಚೆ ಬಿಟ್ಟರು. ಅವರು ನನಗೆ ಕೈ ಮಾಡಲಿಲ್ಲ. ಮಾಡಿದ್ದರೂ ನಾನು ಇಲ್ಲಿ ಬರೆಸುತ್ತಿರಲಿಲ್ಲ.

ಸಂಜೆ ಬೀಗದವನಿಗೆ ನಾನು ಠಾಣೆಗೆ ಹೋಗುವ ವಿಷಯ ತಿಳಿಸಿದೆ. ಅವನು ಹೆದರಿದ. ವ್ಯಾನಿನವನಿಗೆ ಇವತ್ತಲ್ಲ ನಾಳೆ ಬೇಲ್ ಸಿಗುತ್ತದೆ, ಆಕೆಯ ಕಾಲಂತೂ ತಿರುಗಿ ಬರುವುದಿಲ್ಲ, ಮುಗಿದದ್ದನ್ನು ಕೆದಕಿ ಇಡೀ ರಸ್ತೆಯವರ ಮೇಲೆ ಏಕೆ ಎಳೆದುಕೊಳ್ಳುತ್ತೀರಿ, ಅದರ ಮೇಲೆ ಎಲ್ಲರೂ ಕೂತವರೇ ಎಂದ. ಕೂತವರ ಮೇಲೆ ತಪ್ಪು ಹೊರಿಸುವುದಿಲ್ಲ, ಇಟ್ಟವನ ಮೇಲೆ ಹೊರಿಸುತ್ತೇನೆ ಎಂದೆ. ನಾನು ಸಾಗಿಸಲು ಕೈ ಕೊಟ್ಟಿದ್ದನ್ನು ಹೇಳುತ್ತೀರಾ ಎಂದು ಕೇಳಿದ. ಅದನ್ನು ಮುಚ್ಚಿಟ್ಟರೆ ಇದೂ ಅರ್ಧ ಹೇಳಿಕೆಯಾಗುತ್ತದೆ ಎಂದೆ. ಅವನು ಸಿಟ್ಟು ಮಾಡಿಕೊಂಡು ಹೋದ. ಇಂದು ಬೆಳಿಗ್ಗೆ ನಾವು ಹೊರಡುವಾಗ ಅಂಗಡಿ ತೆರೆದು ಕೂತಿದ್ದ. ಕರೆದರೆ ಬರುತ್ತೇನೆ ಎಂದ. ಕಂಡಕ್ಟರ್ ತಾತ ಆ ದಿನದಿಂದ ಮನೆಯಿಂದ ಹೊರಗೆ ಬಂದಿಲ್ಲ. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಅವರು ಮಾತಾಡಿದ್ದು ಒಂದು ತಮಾಷೆ, ಅದಕ್ಕೆ ಜಾಗ ಮಾಡಿಕೊಟ್ಟವನು ನಾನು.

ಫುಟ್‌ಪಾತಿನ ಮೇಲೆ ಸೈಕಲ್ ಬಿಡುವುದು ಸರಿ ಎಂದು ನಾನು ಈಗಲೂ ಹೇಳುವುದಿಲ್ಲ. ನನ್ನ ಹೆಂಡತಿಯ ಕೈ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಆ ಯುವಕ ಸಿಕ್ಕರೆ ಈಗಲೂ ನನಗೆ ಕೋಪ ಬರುತ್ತದೆ. ಆದರೆ ಅವನು ಗುದ್ದಿದ್ದು ಬ್ರೇಕ್ ಹಿಡಿಯದೆ. ನಾನು ಅಳತೆ ಮಾಡಿ ಇಟ್ಟೆ, ಮೂರು ಸಲ ಕೇಳಿದರೂ ತೆಗೆಯಲಿಲ್ಲ, ಕಣ್ಣಾರೆ ನೋಡಿ ತಲೆ ತಗ್ಗಿಸಿದೆ.

ಸದರಿ ಸೋಫಾ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಗೇ ಇದೆ. ಒಡೆದಿಲ್ಲ, ಮಾರಿಲ್ಲ. ಯಾವಾಗ ಬೇಕಾದರೂ ಬಂದು ವಶಕ್ಕೆ ತೆಗೆದುಕೊಳ್ಳಬಹುದು. ಎಲ್ಲಿ, ಹೇಗೆ ಇಟ್ಟಿದ್ದೆ ಎಂದು ಸ್ಥಳದಲ್ಲಿ ತೋರಿಸಿಕೊಡುತ್ತೇನೆ. ವ್ಯಾನಿನ ಚಾಲಕನ ಮೇಲೆ ನಾನು ಹೇಳಿದ ಮಾತುಗಳನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ಅವನು ಹೇಳಿದ್ದೇ ನಿಜ. ನನ್ನ ಮೇಲೆ ಕಾನೂನಿನಂತೆ ಏನು ಕ್ರಮ ಇದೆಯೋ ಅದಕ್ಕೆ ಒಪ್ಪಿದ್ದೇನೆ.

ಇಷ್ಟನ್ನೂ ಬರೆದುಕೊಂಡ ಪೇದೆಯವರು ನನಗೆ ಒಂದು ಸಲ ಓದಿ ಹೇಳಿದರು. ನಿನ್ನೆ ಆಸ್ಪತ್ರೆಯಲ್ಲಿ ಆಕೆಗೆ ನಾನು ಹೇಳಿದ ಮಾತು ಇರುವ ಕಡೆ ಅವರ ರೂಢಿಯ ಪ್ರಕಾರ "ಫುಟ್‌ಪಾತಿನಲ್ಲಿ ಅಡ್ಡಲಾಗಿ ಇಡಲಾಗಿದ್ದ ಸೋಫಾ" ಎಂದು ಬರೆದಿದ್ದರು. ಅರ್ಥ ಒಂದೇ, ಹಾಗೇ ಇರಲಿ ಎಂದರು. ನಾನು ಬೇಡ ಎಂದು, ಆ ಮಾತು ಹೊಡೆದುಹಾಕಿಸಿ, "ನಾನು ಇಟ್ಟ ಸೋಫಾ" ಎಂದು ಬರೆಸಿದ್ದೇನೆ. ತಿದ್ದಿದ ಜಾಗದಲ್ಲಿ ಪ್ರತ್ಯೇಕ ಸಹಿ ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಇದೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೋಣೆ
ತಾರೀಖು: ಹದಿನೇಳು, ಸೋಮವಾರ, ಬೆಳಿಗ್ಗೆ ಹನ್ನೊಂದು ಮುಕ್ಕಾಲು
ಸಹಿ: ಕುಶನ್ ಮೇಷ್ಟ್ರು